ಬೈಯದೆ ಲೈನ್ ನಡೆಸುವುದು ಹೇಗೆ? ಒತ್ತಡ ತಡೆದುಕೊಳ್ಳೋದು ಅಂದ್ರೆ ಏನು?

ಸಾಲು ನಾಲ್ಕು · ಭಾನುವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುತ್ತಿರುವುದು ಇದೇ ಮೊದಲು. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಟೈಲರ್. ಶರ್ಟಿಗೆ ಕಾಲರ್ ಕೂರಿಸುವುದು ನನ್ನ ಕೆಲಸವಾಗಿತ್ತು. ಹೋದ ವರ್ಷ ಯುಗಾದಿ ಕಳೆದ ಮೇಲೆ ನನಗೆ ಲೈನ್ ಕೊಟ್ಟರು, ಅಂದ್ರೆ ಒಂದು ಸಾಲು ಮಶೀನು ಮತ್ತು ಅದರ ಟೈಲರ್‌ಗಳನ್ನು ನೋಡಿಕೊಳ್ಳುವ ಕೆಲಸ. ಆ ದಿನ ಮನೆಯಲ್ಲಿ ಪಾಯಸ ಮಾಡಿ ವಠಾರಕ್ಕೆಲ್ಲ ಹಂಚಿದ್ದೆ.

ಈಗ ಭಾನುವಾರ ಸಂಜೆ ಆದರೆ ಸಾಕು, ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ.

ನಮ್ಮ ಲೈನಿನ ತುದಿಯಲ್ಲಿ ಒಂದು ಬಿಳಿ ಬೋರ್ಡ್ ಇದೆ. ಗಂಟೆಗೊಂದು ಮನೆ. ಮೇಲೆ ಟಾರ್ಗೆಟ್ 80, ಕೆಳಗೆ ಎಷ್ಟು ಪೀಸ್ ಆಯಿತು ಅಂತ. ಮುಟ್ಟಿದರೆ ಹಸಿರು ಪೆನ್, ಮುಟ್ಟದಿದ್ದರೆ ಕೆಂಪು. ಬರೆಯುವವಳು ನಾನೇ. ಸತತ ಎರಡು ಗಂಟೆ ಕೆಂಪು ಬಂತು ಅಂದ್ರೆ ಪ್ರೊಡಕ್ಷನ್ ಮ್ಯಾನೇಜರ್ ಬಂದು ನಿಲ್ಲುತ್ತಾರೆ. ಎಲ್ಲರ ಎದುರಿಗೇ ಬೈಯುತ್ತಾರೆ. ಅವರು ಆ ಕಡೆ ಹೋದ ತಕ್ಷಣ ನಾನು ಟೈಲರ್‌ಗಳ ಮೇಲೆ ಹರಿಹಾಯುತ್ತೇನೆ. ಹನ್ನೊಂದು ವರ್ಷ ಇಂಥ ಬೈಗುಳ ತಿಂದವಳು ನಾನು. ಈಗ ಅದೇ ಮಾತುಗಳು ನನ್ನ ಬಾಯಲ್ಲಿ ಬರುತ್ತಿವೆ.

ಹೋದ ಗುರುವಾರ ಮೂರು ಗಂಟೆ ಹೊತ್ತಿಗೆ ಕಫ್ (ಶರ್ಟಿನ ತೋಳಿನ ತುದಿಯ ಪಟ್ಟಿ) ಹೊಲಿಯುವವಳು ಟಾಯ್ಲೆಟ್‌ಗೆ ಅಂತ ಎದ್ದಳು. ಎಷ್ಟೋ ವರ್ಷ ನನ್ನ ಜೊತೆ ಡಬ್ಬಿ ಹಂಚಿಕೊಂಡು ತಿಂದವಳು. ಬೋರ್ಡ್ ಕೆಂಪಿತ್ತು. "ಈಗ್ಲೇ ಹೋಗ್ಬೇಕಾ? ಕೂತ್ಕೋ" ಅಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ, ಕೂತಳು. ಮಶೀನ್ ಮೇಲಿದ್ದ ನೀರಿನ ಬಾಟಲಿ ತೆಗೆದು ಕೆಳಗೆ, ಕಾಲ ಹತ್ತಿರ ಇಟ್ಟಳು. ಆಮೇಲೆ ಬಿಡುವವರೆಗೂ ಒಂದು ಗುಟುಕು ನೀರು ಕುಡಿಯಲಿಲ್ಲ. ಅದು ನನ್ನ ಕಣ್ಣಿಂದ ಹೋಗ್ತಾನೇ ಇಲ್ಲ.

ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ. ಕಿವಿಯಲ್ಲಿ ಮಶೀನ್ ಸದ್ದು. ಮಗ ಲೆಕ್ಕ ಹೇಳಿಸಿಕೊಳ್ಳಲು ಬಂದರೆ ಸಿಡುಕುತ್ತೇನೆ. ಅಮ್ಮ "ತಾಳಿದವನು ಬಾಳಿಯಾನು, ಸ್ವಲ್ಪ ತಡ್ಕೋ" ಅನ್ನುತ್ತಾಳೆ. ಕಂಪನಿಯಲ್ಲಿ ಒಂದು ಗಂಟೆ ಒತ್ತಡ ನಿಭಾಯಿಸುವ ತರಬೇತಿ ಕೊಟ್ಟರು. ಕಣ್ಣು ಮುಚ್ಚಿಸಿ ಉಸಿರಾಟ ಮಾಡಿಸಿದರು. ನಿಜವಾಗಿಯೂ ಹಾಯ್ ಅನಿಸಿತ್ತು. ವಾಪಸ್ ಲೈನಿಗೆ ಬಂದಾಗ ಆ ಒಂದು ಗಂಟೆಯ 80 ಪೀಸ್ ಕೂಡ ಉಳಿದ ಗಂಟೆಗಳ ಮೇಲೆ ಬಿದ್ದಿತ್ತು.

ಮೇಲಿನವರು "ನೀನು ಗಟ್ಟಿ ಆಗ್ಬೇಕು" ಅನ್ನುತ್ತಾರೆ. ಗಟ್ಟಿ ಆಗೋದು ಅಂದ್ರೆ ಏನು? ಏನೂ ಅನ್ನಿಸದ ಹಾಗೆ ಆಗೋದಾ? ಹಾಗಾಗಲು ನನಗೆ ಇಷ್ಟ ಇಲ್ಲ. ಕೆಲಸ ಬಿಡುವ ಸ್ಥಿತಿಯಲ್ಲೂ ಇಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ರಾತ್ರಿಪಾಳಿ · ಭಾನುವಾರ, ರಾತ್ರಿ 11.20

ಅಕ್ಕಾ, ನಾನು ಮಂಗಳೂರಿನಲ್ಲಿ ಐಸಿಯು ನರ್ಸ್. ನಿಮ್ಮ ಕೊನೆಯ ಪ್ರಶ್ನೆಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

2021ರ ಕೊರೋನಾ ಎರಡನೇ ಅಲೆಯ ಹೊತ್ತಿಗೆ ನಾನು ಅಳುವುದನ್ನೇ ನಿಲ್ಲಿಸಿದ್ದೆ. ಒಂದು ಪಾಳಿಯಲ್ಲಿ ಮೂರು ಜನ ಹೋದರೂ ಫೈಲ್ ಬರೆದು, ಹಾಸಿಗೆ ಸರಿಮಾಡಿ, ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದೆ. ನಾನು ಗಟ್ಟಿ ಆದೆ ಅಂತಲೇ ತಿಳಿದಿದ್ದೆ. ಒಂದು ದಿನ ಜೊತೆಯವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೈ ಹಿಡಿದು ನಿಲ್ಲಿಸಿದಳು. "ನೀನು ಪೇಷಂಟನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದೀಯ, ಬೆಡ್ ನಂಬರ್ ಹೇಳ್ತಿದ್ದೀಯ" ಅಂದಳು. ಹೌದಲ್ವಾ ಅನಿಸಿತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ನಾನು ಗಟ್ಟಿ ಆಗಿರಲಿಲ್ಲ, ಮರಗಟ್ಟಿದ್ದೆ.

ಅವತ್ತಿನಿಂದ ನಾವಿಬ್ಬರೂ ಒಂದು ಅಭ್ಯಾಸ ಮಾಡಿಕೊಂಡೆವು. ಪಾಳಿ ಮುಗಿದ ಮೇಲೆ ಐದು ನಿಮಿಷ ಅದೇ ಕೋಣೆಯಲ್ಲಿ ಕೂರುವುದು. "ಇವತ್ತು ಏನು ಭಾರ ಆಯ್ತು?" ಅಂತ ಒಬ್ಬರು ಕೇಳುವುದು, ಇನ್ನೊಬ್ಬರು ಹೇಳುವುದು. ಸಲಹೆ ಕೊಡುವಂತಿಲ್ಲ. ಈಗಲೂ ನಡೆಯುತ್ತಿದೆ. ಆ ನೀರಿನ ಬಾಟಲಿ ನಿಮ್ಮನ್ನು ಕಾಡುತ್ತಿದೆ ಅಂದ್ರೆ ನೀವಿನ್ನೂ ಮರಗಟ್ಟಿಲ್ಲ. ಅದನ್ನು ಕಳೆದುಕೊಳ್ಳಬೇಡಿ.

ಹಳೇ ಶಾಖೆ · ಸೋಮವಾರ, ಬೆಳಗ್ಗೆ 6.05

ತಂಗಿ, ನಾನು ಹುಬ್ಬಳ್ಳಿಯವನು, ಬ್ಯಾಂಕಿನಿಂದ ನಿವೃತ್ತ. ನಿಮ್ಮ ತಾಯಿ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದ ಮೇಲೆ ನಮ್ಮ ಶಾಖೆಯ ಬಾಗಿಲಿಗೆ ಬೆಳಗ್ಗೆ ಐದಕ್ಕೇ ಸಾಲು ನಿಲ್ಲುತ್ತಿತ್ತು. ಕೌಂಟರಿನಲ್ಲಿ ದುಡ್ಡಿಲ್ಲ, ಹೊರಗೆ ಜನ ಕೂಗುತ್ತಿದ್ದಾರೆ. ಊಟಕ್ಕೆ ಏಳಲಿಕ್ಕೆ ಆಗುತ್ತಿರಲಿಲ್ಲ. ಆದರೂ ಎಲ್ಲರೂ ನಿಂತು ಕೆಲಸ ಮಾಡಿದೆವು. ಮನುಷ್ಯನಿಗೆ ತಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಶಕ್ತಿ ಇರುತ್ತದೆ.

ಬೆಳಗ್ಗೆ ಅರ್ಧ ಗಂಟೆ ನಡೆಯಿರಿ. ರಾತ್ರಿ ಎಂಟರ ಮೇಲೆ ಕೆಲಸದ ಮಾತು ಬೇಡ. ನಿದ್ದೆ ಬರದಿದ್ದರೆ ಮೊಬೈಲ್ ದೂರ ಇಡಿ. ಸಣ್ಣ ಮಾತುಗಳಾದರೂ ನನಗೆ ಆಸರೆ ಆಗಿದ್ದು ಇವೇ.

ಕಫ್ ಮಶೀನ್ · ಸೋಮವಾರ, ರಾತ್ರಿ 8.50

ನಾನು ಬೇರೆ ಫ್ಯಾಕ್ಟರಿ. ಆದರೆ ನಾನೂ ಕಫ್ ಹೊಲಿಯುತ್ತೇನೆ. ನಿಮ್ಮ ಬರಹ ಬಸ್ಸಿನಲ್ಲಿ ಓದಿದೆ. ಎರಡು ಸಲ ಓದಿದೆ.

ನಾವು ನೀರು ಕಡಿಮೆ ಕುಡಿಯುತ್ತೇವೆ. ಎಲ್ಲರೂ. ಯಾಕೆ ಅಂತ ನಿಮಗೆ ಗೊತ್ತು, ನೀವೂ ಕೂತವರೇ. ಉರಿಮೂತ್ರ ಬಂದಾಗ ಇಎಸ್‌ಐ (ಕಾರ್ಮಿಕರ ವಿಮೆ) ಡಾಕ್ಟರು "ನೀರು ಕುಡೀರಿ" ಅಂತ ಬರೆದು ಕೊಡುತ್ತಾರೆ. ಬೈಸಿಕೊಂಡದ್ದು ಸಂಜೆಗೆ ಮರೆತು ಹೋಗುತ್ತದೆ. ನಮ್ಮವಳೇ ಬೈದರೆ ಮರೆಯುವುದಿಲ್ಲ.

ಹೋಗಿ ಅವಳ ಹತ್ತಿರ ಮಾತಾಡಿ. ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆಯೇ ಸರಿಮಾಡಿ. ಮೂಲೆಗೆ ಕರೆದು ಸಾರಿ ಹೇಳಬೇಡಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ಬರೆದಿರಲ್ಲ, ಅದೇ ದೊಡ್ಡದು.

ಲೈನ್ ಲೆಕ್ಕ · ಸೋಮವಾರ, ರಾತ್ರಿ 10.15

ಗಾರ್ಮೆಂಟ್ಸ್‌ನಲ್ಲೇ ಇಂಡಸ್ಟ್ರಿಯಲ್ ಎಂಜಿನಿಯರ್ (ಐಇ) ನಾನು. ಟಾರ್ಗೆಟ್ ಬರೆದುಕೊಡುವವರು ನಾವೇ. ಹಾಗಾಗಿ ಈ ಮಾತು ನಾನು ಹೇಳಲೇಬೇಕು.

ಒಂದು ಶರ್ಟಿಗೆ ಎಲ್ಲ ಆಪರೇಷನ್ (ಹೊಲಿಗೆಯ ಹಂತ) ಸೇರಿ ಎಷ್ಟು ನಿಮಿಷ ಬೇಕು ಅಂತ ಒಂದು ಲೆಕ್ಕ ಇರುತ್ತದೆ. ನಾವು ಸ್ಯಾಮ್ ಅನ್ನುತ್ತೇವೆ. ನಿಮ್ಮ ಶರ್ಟು 20 ನಿಮಿಷದ್ದು ಅಂತ ಇಟ್ಟುಕೊಳ್ಳಿ. ಲೈನಿನಲ್ಲಿ 40 ಜನ. ಗಂಟೆಗೆ 40 ಸಲ 60, ಅಂದ್ರೆ 2,400 ನಿಮಿಷ ಕೈಯಲ್ಲಿದೆ. 20ರಿಂದ ಭಾಗಿಸಿದರೆ 120 ಪೀಸ್. ಅದು ಯಾರೂ ತಲೆ ಎತ್ತದೆ, ದಾರ ಕಡಿಯದೆ, ಸೂಜಿ ಮುರಿಯದೆ ಮಾಡಿದರೆ. ಟಾರ್ಗೆಟ್ 80 ಅಂದ್ರೆ ಶೇ. 67ರ ದಕ್ಷತೆ. ಒಳ್ಳೆಯ ಲೈನಿಗೆ ಇದು ಆಗುವ ಮಾತು.

ಈಗ ಅದೇ ದಿನ 6 ಜನ ಬಂದಿಲ್ಲ ಅನ್ನಿ. ಉಳಿದದ್ದು 34 ಜನ, 2,040 ನಿಮಿಷ. ಬೋರ್ಡಿನಲ್ಲಿ 80 ಹಾಗೇ ಇದ್ದರೆ ನೀವು ಕೇಳುತ್ತಿರುವುದು ಶೇ. 78. ಮೊದಲಿನಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅವರಿಂದ ಆಗುವುದು 68 ಪೀಸ್. ಉಳಿದ 12 ಎಲ್ಲಿಂದ ಬರಬೇಕು? ಟಾಯ್ಲೆಟ್‌ನಿಂದ, ನೀರಿನಿಂದ, ಊಟದಿಂದ ಬರಬೇಕು. ಬೇರೆ ದಾರಿಯೇ ಇಲ್ಲ. ನೀವು ಬೈದರೂ ಬರುವುದಿಲ್ಲ, ಬಂದರೂ ಹೊಲಿಗೆ ತಪ್ಪಾಗಿ ಆಲ್ಟರೇಷನ್‌ಗೆ ವಾಪಸ್ ಬರುತ್ತದೆ.

ನನ್ನ ಅಂದಾಜು ಹೇಳಲಾ? ನಿಮ್ಮ ಬೋರ್ಡ್ ಕೆಂಪಾಗುವ ದಿನಗಳಲ್ಲಿ ಹೆಚ್ಚಿನವು ಸೋಮವಾರ ಮತ್ತು ಸಂಬಳದ ಮರುದಿನ. ಹಾಜರಾತಿ ಕಡಿಮೆ ಇರುವ ದಿನಗಳವು. ಎರಡು ವಾರ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನ, ಬಂದವರು, ಬೆಳಗ್ಗೆ ಎಷ್ಟು ಹೊತ್ತಿಗೆ ಫೀಡಿಂಗ್ ಆಯಿತು (ಲೈನಿಗೆ ಬಟ್ಟೆ ಬಂತು), ಯಾವ ಮಶೀನ್ ಎಷ್ಟು ನಿಮಿಷ ನಿಂತಿತ್ತು, ಎಲ್ಲಿ ಬಂಡಲ್ (ಬಟ್ಟೆ ತುಂಡುಗಳ ಕಟ್ಟು) ಗುಡ್ಡೆ ಬಿತ್ತು. ಅದನ್ನು ಹಿಡಿದುಕೊಂಡು ನಿಮ್ಮ ಐಇ ಹತ್ತಿರ ಹೋಗಿ. ಮ್ಯಾನೇಜರ್ ಹತ್ತಿರ ನೇರ ಹೋಗಬೇಡಿ, ಮೊದಲು ಐಇ. ಹಾಜರಾತಿ ನೋಡಿ ಟಾರ್ಗೆಟ್ ಬದಲಿಸುವುದು ನಮ್ಮ ಕೆಲಸ. ಎಷ್ಟೋ ಕಡೆ ಸುಮ್ನೆ ನಿನ್ನೆಯದನ್ನೇ ಇವತ್ತೂ ಬರೆದು ಬಿಡುತ್ತಾರೆ.

ಸಾಲು ನಾಲ್ಕು · ಮಂಗಳವಾರ, ರಾತ್ರಿ 9.30

ಎಲ್ಲ ಓದಿದೆ. ಲೆಕ್ಕ ಬರೆದವರಿಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಹೋದ ಗುರುವಾರದ ಹಾಜರಾತಿ ತೆಗೆದು ನೋಡಿದೆ. 35. ನಮ್ಮ ಲೈನಿಗೆ 41 ಜನ ಇರಬೇಕು. ಇಷ್ಟು ತಿಂಗಳು ನನ್ನ ಕೈಲಿ ಆಗ್ತಿಲ್ಲ, ನಾನು ಈ ಕೆಲಸಕ್ಕೆ ಸರಿ ಇಲ್ಲ ಅಂತ ಅಂದುಕೊಂಡಿದ್ದೆ. ಒಂದು ಭಾಗಾಕಾರ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಫ್ ಹೊಲಿಯುವ ತಂಗಿ, ನೀನು ಹೇಳಿದ ಹಾಗೇ ಮಾಡುತ್ತೇನೆ. ಸ್ವಲ್ಪ ಭಯ ಇದೆ.

ನಿದ್ದೆ ಮಾತ್ರ ಇನ್ನೂ ಹಾಗೇ.

ಮಾತುಕತೆ · ಬುಧವಾರ, ಮಧ್ಯಾಹ್ನ 2.10

ಮಾನಸಿಕ ಆರೋಗ್ಯದ ಸಮಾಜ ಕಾರ್ಯಕರ್ತೆ ನಾನು. ನಿದ್ದೆಯ ವಿಷಯ ಬರೆದಿರಲ್ಲ, ಅದಕ್ಕೇ ಬಂದೆ.

ನೀವು ಹೇಳಿದ ಲಕ್ಷಣಗಳಿಗೆ ಇಂಗ್ಲಿಷಿನವರು ಬರ್ನೌಟ್ ಅನ್ನುತ್ತಾರೆ. ಹಳ್ಳಿಯಲ್ಲಿ ನಮ್ಮ ಅಜ್ಜಿ "ಜೀವ ಬತ್ತಿ ಹೋಗಿದೆ" ಅನ್ನುತ್ತಿದ್ದಳು, ನನಗೆ ಅದೇ ಸರಿಯಾದ ಮಾತು ಅನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, ಅಂದ್ರೆ 2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ, ಇದರ ಹೆಸರಿದೆ. ಆದರೆ ಕಾಯಿಲೆ ಅಂತ ಅಲ್ಲ. ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಅಂತ. ಮೂರು ಗುರುತು ಹೇಳುತ್ತಾರೆ: ಹಿಂಡಿ ಹಾಕಿದಂಥ ಸುಸ್ತು, ಕೆಲಸದಿಂದ ಮನಸ್ಸು ದೂರ ಆಗುವುದು ಅಥವಾ ಕಹಿ ಆಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಅದು ಕಾಯಿಲೆ ಅಲ್ಲ ಅನ್ನುವುದರಲ್ಲಿ ಒಂದು ಮುಖ್ಯವಾದ ಮಾತಿದೆ. ಕೆಟ್ಟಿರುವುದು ನಿಮ್ಮ ಮನಸ್ಸಲ್ಲ. ಕೆಲಸ ಮತ್ತು ನಿಮ್ಮ ನಡುವಿನ ಹೊಂದಾಣಿಕೆ ಕೆಟ್ಟಿದೆ.

1979ರಲ್ಲಿ ರಾಬರ್ಟ್ ಕರಾಸೆಕ್ ಅನ್ನುವ ಸಂಶೋಧಕ ಒಂದು ವಿಷಯ ತೋರಿಸಿದ. ಬರೀ ಕೆಲಸ ಜಾಸ್ತಿ ಇದ್ದರೆ ಮನುಷ್ಯ ಅಷ್ಟು ಕುಸಿಯುವುದಿಲ್ಲ. ಕೆಲಸ ಜಾಸ್ತಿ ಇದ್ದು, ಅದನ್ನು ಹೇಗೆ ಮಾಡಬೇಕು ಅನ್ನುವುದರ ಮೇಲೆ ಹಿಡಿತ ಇಲ್ಲದಿದ್ದಾಗ ಕುಸಿಯುತ್ತಾನೆ. ನಿಮ್ಮ ಸ್ಥಿತಿ ನೋಡಿ. 80 ಪೀಸಿಗೆ ಉತ್ತರ ಕೊಡಬೇಕಾದವರು ನೀವು. 80 ಅಂತ ಬರೆಯುವವರು ಬೇರೆ. ಜನ ಕೊಡುವವರು ಬೇರೆ. ಬಟ್ಟೆ ಕಳಿಸುವವರು ಬೇರೆ. ಅತ್ತ ದರಿ, ಇತ್ತ ಪುಲಿ. ನಿಮ್ಮ ಜಾಗದಲ್ಲಿ ಯಾರಿದ್ದರೂ ರಾತ್ರಿ ಎರಡಕ್ಕೆ ಎಚ್ಚರ ಆಗುತ್ತಿತ್ತು.

ಆದರೂ ಎಚ್ಚರಿಕೆ ಬೇಕು. ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ ಇಲ್ಲ, ಊಟ ರುಚಿಸುತ್ತಿಲ್ಲ, ಯಾವುದರಲ್ಲೂ ಸುಖ ಇಲ್ಲ, ಬದುಕೇ ಸಾಕು ಅನ್ನಿಸುತ್ತಿದೆ ಅಂದ್ರೆ ಅದು ಬರೀ ಕೆಲಸದ ಸುಸ್ತಲ್ಲ, ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾಯಿತು. ನಮ್ಮ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಊರಲ್ಲಿ ಇರುವವರು ಓದುತ್ತಿದ್ದರೆ: ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ, ವಿಚಾರಿಸಿ.

ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ ಇದ್ದೇ ಇರುತ್ತದೆ. ಜ್ವರಕ್ಕೆ ಮಾತ್ರ ಅಲ್ಲ, ಮನಸ್ಸಿನ ತೊಂದರೆಗೂ ಅಲ್ಲಿ ತೋರಿಸಬಹುದು. ಡಾಕ್ಟರು ರಜೆ ಬರೆದುಕೊಟ್ಟರೆ, ವಿಮೆಗೆ ಹಣ ಕಟ್ಟಿದ ದಿನಗಳು ಸಾಕಷ್ಟಿದ್ದರೆ, ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ. ಇದನ್ನು ಕೇಳಿ ಪಡೆಯುವವರು ತುಂಬಾ ಕಡಿಮೆ. ನಾಚಿಕೆ ಪಡಬೇಡಿ, ನಿಮ್ಮ ಸಂಬಳದಿಂದಲೇ ಹಿಡಿದ ದುಡ್ಡು ಅದರಲ್ಲಿದೆ.

ಹಳೇ ಶಾಖೆ · ಗುರುವಾರ, ಬೆಳಗ್ಗೆ 6.20

ನಾನು ಮೊದಲು ಬರೆದದ್ದರ ಬಗ್ಗೆ ಎರಡು ದಿನ ಯೋಚಿಸಿದೆ. ಒಂದು ಮಾತು ಬಿಟ್ಟು ಹೋಗಿತ್ತು. ಹಳೆ ನೋಟು ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30 ಕೊನೆಯ ದಿನ ಅಂತ ನಮಗೆಲ್ಲ ಗೊತ್ತಿತ್ತು. ಐವತ್ತು ದಿನ ಹಲ್ಲು ಕಚ್ಚಿ ನಿಂತೆವು. ಕ್ಯಾಲೆಂಡರ್‌ನಲ್ಲಿ ದಿನಾ ಒಂದು ಗೆರೆ ಹೊಡೆಯುತ್ತಿದ್ದೆವು. ತಂಗಿಗೆ ಹಾಗೆ ಗೆರೆ ಹೊಡೆಯಲು ಕೊನೆಯ ದಿನ ಇಲ್ಲ. ಎರಡೂ ಒಂದೇ ಅಂತ ಬರೆದದ್ದು ನನ್ನ ತಪ್ಪು. ನಡಿಗೆ ಮಾತ್ರ ಬಿಡಬೇಡಿ.

ಸಂಘದ ಅಕ್ಕ · ಗುರುವಾರ, ರಾತ್ರಿ 9.05

ಇಪ್ಪತ್ತು ವರ್ಷದಿಂದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಮೇಲಿನ ಲೆಕ್ಕ, ಸಲಹೆ ಎಲ್ಲ ಚೆನ್ನಾಗಿದೆ. ಆದರೆ ಒಬ್ಬಳೇ ನೋಟ್‌ಬುಕ್ ಹಿಡಿದು ಹೋದರೆ ನಿನ್ನನ್ನು ಇನ್ನೊಂದು ಲೈನಿಗೆ ಹಾಕಿ ಸುಮ್ಮನಾಗಬಹುದು. ಹಾಗಾಗಿದ್ದನ್ನು ನೋಡಿದ್ದೇನೆ. ಅಕ್ಕಪಕ್ಕದ ಲೈನಿನ ಸೂಪರ್‌ವೈಸರ್‌ಗಳನ್ನೂ ಸೇರಿಸಿಕೋ. ಮೂರು ಲೈನಿನ ಲೆಕ್ಕ ಒಟ್ಟಿಗೆ ಹೋದರೆ ಅದಕ್ಕೆ ತೂಕ ಇರುತ್ತದೆ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್ ದುಡ್ಡಿನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಅಂತ ನಿಯಮ ತಂದಾಗ ಸಾವಿರಾರು ಹೆಣ್ಣುಮಕ್ಕಳು ಬೊಮ್ಮನಹಳ್ಳಿ, ಹೊಸೂರು ರಸ್ತೆಗೆ ಇಳಿದರು. ಲಾಠಿ ಏಟನ್ನೂ ತಿಂದರು. ಎರಡನೇ ದಿನಕ್ಕೇ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವತ್ತು ರಸ್ತೆಯಲ್ಲಿದ್ದವರಿಗೆ ಯಾರೂ ಒತ್ತಡ ನಿಭಾಯಿಸುವ ತರಬೇತಿ ಕೊಟ್ಟಿರಲಿಲ್ಲ. ಪಕ್ಕದ ಮಶೀನಿನವಳು ಎದ್ದಳು, ಇವಳೂ ಎದ್ದಳು. ನಾನು ಕಂಡ ಗಟ್ಟಿತನ ಅಂದ್ರೆ ಅದು.

ಇನ್ನೊಂದು. ವಾರಕ್ಕೆ 48 ಗಂಟೆ, ಅದರ ಮೇಲೆ ಮಾಡಿಸಿದರೆ ಎರಡರಷ್ಟು ಕೂಲಿ. ಇದು 1948ರ ಕಾರ್ಖಾನೆ ಕಾಯ್ದೆಯಿಂದ ಬಂದ ಹಕ್ಕು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಟಾರ್ಗೆಟ್ ಮುಗಿಸಿ ಹೋಗಿ ಅಂತ ಅರ್ಧ ಗಂಟೆ ಪುಕ್ಕಟೆ ಕೂರಿಸುವುದು ತಪ್ಪು. ಆ ಅರ್ಧ ಗಂಟೆಯನ್ನೂ ನೋಟ್‌ಬುಕ್ಕಿನಲ್ಲಿ ಬರಿ. ಬೈಗುಳದಲ್ಲಿ ಹೆಣ್ಣುತನದ ಮಾತು, ಅಸಹ್ಯದ ಮಾತು ಬಂದರೆ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಫ್ಯಾಕ್ಟರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅಲ್ಲಿಗೆ ದೂರು ಕೊಡಬಹುದು.

ತರಬೇತಿ ಕೋಣೆ · ಶುಕ್ರವಾರ, ಸಂಜೆ 6.40

ನಾನು ಎಚ್‌ಆರ್. ನೀವು ಬರೆದಂಥ ಒಂದು ಗಂಟೆಯ ತರಬೇತಿಗಳನ್ನು ನಾನೇ ಎಷ್ಟೋ ಏರ್ಪಾಡು ಮಾಡಿದ್ದೇನೆ. ಆ ಗಂಟೆಯ ಪೀಸುಗಳು ಉಳಿದ ಗಂಟೆಗಳ ಮೇಲೆ ಬೀಳುತ್ತವೆ ಅಂತ ನನಗೆ ಹೊಳೆದೇ ಇರಲಿಲ್ಲ. ಓದಿ ತುಂಬಾ ನೋವಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಕೆಲಸದ ಜಾಗದ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಹೊರತಂದಿದೆ. ಅದರಲ್ಲಿ ನೌಕರರಿಗೆ ಕೊಡುವ ತರಬೇತಿಯೂ ಇದೆ. ಆದರೆ ಕೆಲಸದ ಹೊರೆ, ಪಾಳಿ, ಮಾತಾಡುವ ರೀತಿ ಇಂಥವನ್ನೇ ಬದಲಿಸಬೇಕು, ಮ್ಯಾನೇಜರ್‌ಗಳಿಗೆ ತರಬೇತಿ ಕೊಡಬೇಕು ಅಂತಲೂ ಇದೆ. ನಾವು ಮೊದಲನೆಯದನ್ನು ಮಾತ್ರ ಹಿಡಿದುಕೊಂಡೆವು, ಯಾಕೆಂದರೆ ಅದು ಸುಲಭ. ಮುಂದಿನ ತಿಂಗಳು ನಮ್ಮಲ್ಲಿ ಟೈಲರ್‌ಗಳ ಬದಲು ಪ್ರೊಡಕ್ಷನ್ ಮ್ಯಾನೇಜರ್‌ಗಳನ್ನು ಕೂರಿಸಬೇಕು ಅಂತ ಕೇಳುತ್ತೇನೆ. ತರಬೇತಿಯ ಗಂಟೆಯನ್ನು ಟಾರ್ಗೆಟ್‌ನಿಂದ ಕಳೆಯಲೂ ಹೇಳುತ್ತೇನೆ.

ಆನ್‌ಕಾಲ್ · ಶನಿವಾರ, ಬೆಳಗ್ಗೆ 11.30

ನಾನು ಐಟಿ. ಎಸಿ ಕೋಣೆಯಲ್ಲಿ ಕೂರುವವನು, ನಿಮ್ಮ ಕೆಲಸದ ಜೊತೆ ಹೋಲಿಸಲು ಹೋಗುವುದಿಲ್ಲ. ರಾತ್ರಿ ಎರಡರ ಎಚ್ಚರ ಮಾತ್ರ ನನಗೂ ಗೊತ್ತು. ಸರ್ವರ್ ಕೆಟ್ಟರೆ ನನ್ನ ಫೋನ್ ಕೂಗುತ್ತಿತ್ತು. ಕೂಗದ ರಾತ್ರಿಯೂ ಕೂಗಿದ ಹಾಗೆ ಕೇಳುತ್ತಿತ್ತು.

ನಮ್ಮ ತಂಡದಲ್ಲಿ ಒಬ್ಬಳು ಮೂರು ತಿಂಗಳ ಅಲರ್ಟ್‌ಗಳನ್ನೆಲ್ಲ ಪಟ್ಟಿ ಮಾಡಿದಳು. ಅರ್ಧಕ್ಕಿಂತ ಜಾಸ್ತಿ ಬೆಳಗ್ಗೆ ನೋಡಿದರೂ ನಡೆಯುವಂಥವು. ಅವನ್ನು ರಾತ್ರಿ ಕೂಗದ ಹಾಗೆ ಮಾಡಿದೆವು. ಆರು ಜನ ಸರದಿ ಹಾಕಿಕೊಂಡೆವು, ರಾತ್ರಿ ಎದ್ದವರು ಮರುದಿನ ಮಧ್ಯಾಹ್ನ ಬಂದರೆ ಸಾಕು. ನಾನು ಮಾಡಿದ ಧ್ಯಾನಕ್ಕಿಂತ ಈ ಪಟ್ಟಿಯಿಂದ ನನಗೆ ಜಾಸ್ತಿ ನಿದ್ದೆ ಬಂತು. ಧ್ಯಾನವನ್ನೂ ಬಿಟ್ಟಿಲ್ಲ.

2024ರಲ್ಲಿ ನಮ್ಮ ಕೆಲಸದ ಹೊತ್ತನ್ನು ದಿನಕ್ಕೆ 14 ಗಂಟೆಯವರೆಗೆ ಹೆಚ್ಚಿಸುವ ಪ್ರಸ್ತಾಪ ಕರ್ನಾಟಕದಲ್ಲಿ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು. ಅವತ್ತು ನಾನು ಮೊದಲ ಸಲ ಸಂಘದ ಸಭೆಗೆ ಹೋದೆ. ವಾರಕ್ಕೆ 55 ಗಂಟೆ ಅಥವಾ ಜಾಸ್ತಿ ಕೆಲಸ ಮಾಡುವವರಿಗೆ, 35ರಿಂದ 40 ಗಂಟೆ ಮಾಡುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35 ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ನಮ್ಮ ಅಪ್ಪನಿಗೆ ಲಕ್ವ ಹೊಡೆದದ್ದನ್ನು ಕಣ್ಣಾರೆ ಕಂಡವನು ನಾನು. ಈ ಸಂಖ್ಯೆಯನ್ನು ಸುಮ್ಮನೆ ಓದಿ ಮುಂದೆ ಹೋಗಲು ನನ್ನಿಂದ ಆಗಲಿಲ್ಲ.

ಸಾಲು ನಾಲ್ಕು · ಮೂರು ವಾರದ ನಂತರ, ಭಾನುವಾರ, ರಾತ್ರಿ 9.15

ಎಲ್ಲರೂ ಕೇಳುತ್ತಿದ್ದಿರಿ, ತಡ ಆಯಿತು. ಒಂದೊಂದಾಗಿ ಹೇಳುತ್ತೇನೆ.

ಮೊದಲು ಕಫ್ ಹೊಲಿಯುವವಳ ವಿಷಯ. ಆ ಗುರುವಾರ ಬೆಳಗ್ಗೆ ಮಶೀನ್ ಆನ್ ಮಾಡುವ ಮುಂಚೆ ಲೈನಿನ ಮಧ್ಯದಲ್ಲಿ ನಿಂತೆ. "ಹೋದ ವಾರ ನಾನು ಇವಳಿಗೆ ಟಾಯ್ಲೆಟ್‌ಗೆ ಹೋಗಬೇಡ ಅಂದೆ. ಅದು ತಪ್ಪು. ಇನ್ನು ಮೇಲೆ ಯಾರಿಗೂ ಹಾಗೆ ಅನ್ನಲ್ಲ" ಅಂದೆ. ಇನ್ನೂ ಏನೇನೋ ಯೋಚಿಸಿಕೊಂಡು ಹೋಗಿದ್ದೆ, ಗಂಟಲು ಕಟ್ಟಿತು. ಯಾರೂ ಮಾತಾಡಲಿಲ್ಲ. ಅವಳು ತಲೆ ಬಗ್ಗಿಸಿ ಬಾಬಿನ್‌ಗೆ ದಾರ ಸುತ್ತುತ್ತಾ ಇದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ತನ್ನ ಡಬ್ಬಿಯಿಂದ ಎರಡು ತುಂಡು ಮಾವಿನ ಉಪ್ಪಿನಕಾಯಿ ನನ್ನ ಮುಚ್ಚಳದ ಮೇಲೆ ಹಾಕಿದಳು. ಮಾತು ಇನ್ನೂ ಮೊದಲಿನ ಹಾಗಿಲ್ಲ. ಬಾಟಲಿ ಮಶೀನ್ ಮೇಲೆ ಬಂದಿದೆ.

ನೋಟ್‌ಬುಕ್ 14 ದಿನ ಬರೆದೆ. ಪಕ್ಕದ ಎರಡು ಲೈನಿನವರನ್ನೂ ಒಪ್ಪಿಸಿದೆ. ಒಬ್ಬರು ಹೆದರಿದರು, ಆಮೇಲೆ ಬರೆದುಕೊಟ್ಟರು. ಪೂರ್ತಿ ಹಾಜರಾತಿ ಇದ್ದದ್ದು 14ರಲ್ಲಿ 3 ದಿನ ಮಾತ್ರ. ಆ ಮೂರೂ ದಿನ ನಮ್ಮ ಬೋರ್ಡ್ ಹೆಚ್ಚುಕಮ್ಮಿ ಹಸಿರೇ. ಐಇ ಹುಡುಗ ನೋಡಿ ಸುಮ್ಮನೆ ಕೂತ. ಆಮೇಲೆ "ಅಕ್ಕಾ, ಇದನ್ನ ನಾನೇ ತಗೊಂಡು ಹೋಗ್ತೀನಿ" ಅಂದ.

ಪ್ರೊಡಕ್ಷನ್ ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ಬಯ್ಯರ್‌ಗೆ (ಬಟ್ಟೆ ಕೊಳ್ಳುವ ಕಂಪನಿಗೆ) ಹಾಜರಾತಿ ಕಥೆ ಹೇಳಲು ಆಗುತ್ತಾ ಅಂತ ಕೇಳಿದರು. ಅವರ ಮೇಲೂ ಯಾರೋ ನಿಂತು ಬೈಯುತ್ತಾರೆ ಅಂತ ನನಗೆ ಅವತ್ತು ಮೊದಲ ಸಲ ಹೊಳೆಯಿತು. ಕೊನೆಗೆ ಎರಡು ವಿಷಯಕ್ಕೆ ಒಪ್ಪಿದರು. ಬೆಳಗ್ಗೆ ಒಂಬತ್ತೂವರೆಗೆ ತಲೆ ಎಣಿಸಿ, ಬೋರ್ಡಿನಲ್ಲಿ ಎಷ್ಟು ಜನ ಅಂತ ಮೇಲೆ ಬರೆದು, ಅದಕ್ಕೆ ತಕ್ಕ ಟಾರ್ಗೆಟ್ ಹಾಕುವುದು. ಮತ್ತೆ ಮೂರು ಲೈನಿಗೆ ಸೇರಿ ಇಬ್ಬರು ಫ್ಲೋಟರ್. ಎಲ್ಲ ಮಶೀನೂ ಗೊತ್ತಿರುವ ಟೈಲರ್‌ಗಳು. ಯಾರಾದರೂ ಎದ್ದು ಹೋದರೆ ಹೋಗಿ ಕೂರುತ್ತಾರೆ. ಲೈನಿನ ಎದುರು ಬೈಯಬೇಡಿ, ಆಫೀಸಿಗೆ ಕರೆದು ಹೇಳಿ ಅಂತ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಹೋದ ಮಂಗಳವಾರ ಮತ್ತೆ ಬೈದರು. ಆದರೆ ನಾನು ಅದನ್ನು ಮುಂದಕ್ಕೆ ಟೈಲರ್‌ಗಳಿಗೆ ದಾಟಿಸಲಿಲ್ಲ. ಸ್ಟೋರ್ ರೂಮಿಗೆ ಹೋಗಿ ಬಟನ್ ಡಬ್ಬಿಗಳ ಮಧ್ಯೆ ಎರಡು ನಿಮಿಷ ನಿಂತು, ಆ ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಉಸಿರು ಬಿಟ್ಟು ಬಂದೆ. ಅದೂ ಉಪಯೋಗಕ್ಕೆ ಬಂತು.

14416ಕ್ಕೆ ಒಂದು ರಾತ್ರಿ ಮಾಡಿದೆ. ಮನೆಯವರು ಮಲಗಿದ ಮೇಲೆ, ಬಚ್ಚಲಲ್ಲಿ ನಿಂತು. ಆ ಕಡೆ ಒಬ್ಬ ಹೆಣ್ಣುಮಗಳು, ನಿಧಾನವಾಗಿ ಕೇಳಿಸಿಕೊಂಡರು. ಡಾಕ್ಟರಿಗೆ ತೋರಿಸಿ ಅಂದರು. ಇಎಸ್‌ಐಗೆ ಹೋದೆ, ಬಿಪಿ ಜಾಸ್ತಿ ಇತ್ತು. ಮಾತ್ರೆ ಶುರುವಾಗಿದೆ, ಮುಂದಿನ ವಾರ ಮನೋವೈದ್ಯರನ್ನು ನೋಡಬೇಕು. ಈಗ ವಾರದಲ್ಲಿ ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಬರುತ್ತಿದೆ.

ನರ್ಸ್ ತಂಗಿ, ನಿನ್ನ ಐದು ನಿಮಿಷವನ್ನು ನಾನು ಪಕ್ಕದ ಲೈನಿನವರ ಜೊತೆ ಶುರುಮಾಡಿದೆ. ಬಸ್ ಸ್ಟಾಪಿನಲ್ಲಿ.

ಲೆಕ್ಕದ ತಮ್ಮನಿಗೆ ಒಂದು ಪ್ರಶ್ನೆ. ನಾಳೆಯಿಂದ ಹೊಸ ಸ್ಟೈಲ್ ಬರುತ್ತಿದೆ. 24 ನಿಮಿಷದ ಶರ್ಟು, ಎರಡು ಜೇಬು, ಭುಜಕ್ಕೆ ಪಟ್ಟಿ. 38 ಜನ ಬರಬಹುದು. ಮೊದಲ ದಿನವೇ ಪೂರ್ತಿ ಟಾರ್ಗೆಟ್ ಹಾಕುತ್ತಾರೆ ಅಂತ ಭಯ.

ಲೈನ್ ಲೆಕ್ಕ · ಭಾನುವಾರ, ರಾತ್ರಿ 10.02

38 ಸಲ 60, ಭಾಗ 24. ಪೂರ್ತಿ ದಕ್ಷತೆಗೆ 95. ಹೊಸ ಸ್ಟೈಲಿಗೆ ಕೈ ಕೂರಲು ದಿನ ಬೇಕು. ನಮ್ಮಲ್ಲಿ ಮೊದಲ ದಿನ ಶೇ. 30, ಎರಡನೇ ದಿನ 45, ಮೂರನೇ ದಿನ 55 ಅಂತ ಹಾಕುತ್ತೇವೆ. ಹಾಗಾಗಿ ನಾಳೆ ಗಂಟೆಗೆ 28, ಮಂಗಳವಾರ 43, ಬುಧವಾರ 52. ಭುಜದ ಪಟ್ಟಿ ಹೊಸ ಆಪರೇಷನ್ ಅಲ್ವಾ, ಅಲ್ಲೇ ಬಂಡಲ್ ಗುಡ್ಡೆ ಬೀಳುತ್ತದೆ. ಫ್ಲೋಟರ್ ಒಬ್ಬರನ್ನು ಬೆಳಗ್ಗೆಯಿಂದಲೇ ಅಲ್ಲಿಗೆ ಕೊಡಿ. ಈ ಮೂರು ಸಂಖ್ಯೆಗಳನ್ನು ಈಗಲೇ ನಿಮ್ಮ ಐಇಗೆ ಕಳಿಸಿ, ಬೆಳಗ್ಗೆ ಬೋರ್ಡ್ ಬರೆಯುವ ಮುಂಚೆ ಅವನು ನೋಡಲಿ.

ಸಾಲು ನಾಲ್ಕು · ಭಾನುವಾರ, ರಾತ್ರಿ 10.11

ಕಳಿಸಿದೆ. ಅವನೂ ಎಚ್ಚರ ಇದ್ದಾನೆ. "ಸರಿ ಅಕ್ಕಾ, ನಾಳೆ 28" ಅಂತ ಬಂತು.